ಹೊಲದ ನಿಧಿ ಮತ್ತು ಮಾರುವವನ ಅಜ್ಞಾನ



ಹೊಲದಲ್ಲಿ ಹೂತಿದ್ದ ನಿಧಿಯ ಸಾಮತಿ (ಮತ್ತಾಯ 13:44) ನಿಮಗೆಲ್ಲ ಗೊತ್ತು. ಅದನ್ನು ಓದಿದ ಭಾನುವಾರ ಪೂಜೆ ಮುಗಿದ ಮೇಲೆ ಯುವಕನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. "ಫಾದರ್, ನಿಧಿ ಐತಿ ಅಂತ ಆ ಮನುಷ್ಯ ಹೊಲದ ಮಾಲಕಗ ಹೇಳಲೇ ಇಲ್ಲಲ್ರೀ. ಹಂಗಾದ್ರ ನಾ ಮಾಡೂದೂ ತಪ್ಪಲ್ಲ, ಹೌದಿಲ್ರಿ?"

ಅವನು ಬೆಳಗಾವಿಯಲ್ಲಿ ನೌಕರಿ ಮಾಡುತ್ತಾ ಜಮೀನು-ಪ್ಲಾಟಿನ ವ್ಯವಹಾರಕ್ಕೆ ಹೊಸದಾಗಿ ಕೈಹಾಕಿದ್ದ. ಖಾನಾಪುರ ಕಡೆಯ ರೈತರೊಬ್ಬರು ಮಗಳ ಮದುವೆಗೆಂದು ಅವಸರದಲ್ಲಿ ಹೊಲ ಮಾರಲು ನಿಂತಿದ್ದರು. ಪಕ್ಕದಲ್ಲೇ ರಸ್ತೆ ಬರುವ ಸುದ್ದಿ ಅಳತೆಗೆ ಬಂದವರಿಂದ ಇವನ ಕಿವಿಗೆ ಬಿದ್ದಿತ್ತು, ರೈತರಿಗೆ ತಿಳಿದಿರಲಿಲ್ಲ.

ಈ ವ್ಯವಹಾರದಲ್ಲಿ ಹೊಸಬನಿಗೆ ಬೇಕಾದ ಮೊದಲ ಜಾಣತನವೆಂದರೆ ತಿಳಿದುಕೊಳ್ಳುವುದೇ. ಅದು ಪಾಪವಲ್ಲ, ಹೆಂಡತಿ-ಮಕ್ಕಳಿರುವವನಿಗೆ ಕರ್ತವ್ಯ. ನಮ್ಮ ಊರಿನ ಸುತ್ತ ಹೊಲವನ್ನು ಗುಂಟೆ ಗುಂಟೆಯಾಗಿ, 33 ಅಡಿಗೆ 33 ಅಡಿ ತುಂಡುಮಾಡಿ, ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟದ್ದನ್ನು ನಂಬಿ ಜೀವಮಾನದ ಉಳಿತಾಯ ಸುರಿದವರಿದ್ದಾರೆ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ 1908ರ ಕಾಯ್ದೆಯಂತೆ ನೋಂದಣಿಯಾಗಬೇಕು. ನೋಟರಿಯ ಮುದ್ರೆ ಸಾಲದು. ಉತಾರದಲ್ಲಿ ಯಾರ ಹೆಸರಿದೆ, ಅಕ್ಕತಂಗಿಯರ ಸಹಿ ಆಗಿದೆಯೇ, ಬ್ಯಾಂಕಿನ ಬೋಜಾ ಇದೆಯೇ, ಎನ್.ಎ. ಆಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಿ ಇದೆಯೇ ಎಂದು ನೋಡಿರಿ. ಹೊಲದ ಬಾಂದುಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿ ಬನ್ನಿರಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿಲ್ಲವೇ? ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡಾಗ ಸಾಕ್ಷಿಗಳೆದುರು ಹಣ ತೂಗಿಕೊಟ್ಟ. ಮುದ್ರೆ ಹಾಕಿದ ಕ್ರಯಪತ್ರ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಕಾಗದ ಸರಿಯಾಗಿಡುವುದು ವಿಶ್ವಾಸದ ಕೊರತೆಯೇನಲ್ಲ.

ಆದರೆ ನನಗೆ ತಿಳಿದದ್ದು ಎದುರಿನವನಿಗೆ ತಿಳಿಯದಿದ್ದಾಗ? ಸಂತ ತೋಮಸ್ ಅಕ್ವಿನಾಸರು ಇದನ್ನು 13ನೇ ಶತಮಾನದಲ್ಲೇ ಯೋಚಿಸಿದ್ದರು. ಗೋದಿ ದುಬಾರಿಯಾದ ಊರಿಗೆ ವ್ಯಾಪಾರಿಯೊಬ್ಬ ಮೊದಲು ಬಂದಿದ್ದಾನೆ. ಹಿಂದೆ ಇನ್ನೂ ಗಾಡಿಗಳು ಬರುತ್ತಿರುವುದು ಅವನಿಗೆ ಗೊತ್ತು. ಅದನ್ನು ಹೇಳದೆ ಪೇಟೆಯ ದರಕ್ಕೆ ಮಾರಿದರೆ ಅನ್ಯಾಯವೆನ್ನಲಾಗದು, ಹೇಳಿದರೆ ಅಥವಾ ದರ ಇಳಿಸಿದರೆ ಅವನ ಸದ್ಗುಣ ಹೆಚ್ಚಿನದು ಎಂದರು. ಯುವಕನ ಮುಖ ಅರಳಿತು. ಆದರೆ ತೋಮಸರ ವ್ಯಾಪಾರಿ ಊರಿನ ದರಕ್ಕೆ ಮಾರಿದ. ಇವನು ಮದುವೆಯ ಅವಸರ ನೋಡಿ ದರವನ್ನು ಇನ್ನೂ ಕೆಳಗೆ ಜಗ್ಗುತ್ತಿದ್ದ. ಇತರರ ಅಜ್ಞಾನವನ್ನೋ ಸಂಕಟವನ್ನೋ ಬಳಸಿಕೊಂಡು ಬೆಲೆ ಏರಿಸುವುದು, ಕಾನೂನು ತಡೆಯದಿದ್ದರೂ, ಏಳನೆಯ ಕಟ್ಟಳೆಗೆ ವಿರುದ್ಧವೆಂದು 1992ರ ಧರ್ಮೋಪದೇಶ ಗ್ರಂಥ (2409) ಹೇಳುತ್ತದೆ. ಹಾಗೆಯೇ ಬೆಲೆ ಇಳಿಸುವುದು ಬೇರೆ ಹೇಗಾದೀತು?

ಸಾಮತಿಯ ಮಾತಿಗೆ ಬಂದರೆ, ಸ್ವಾಮಿ ಮೆಚ್ಚಿದ್ದು ಸ್ವರ್ಗಸಾಮ್ರಾಜ್ಯಕ್ಕಾಗಿ ಇದ್ದುದೆಲ್ಲವನ್ನೂ ಮಾರುವ ಸಂತೋಷವನ್ನು, ಆ ವ್ಯವಹಾರವನ್ನಲ್ಲ. ಅಪ್ರಾಮಾಣಿಕ ಮೇಸ್ತ್ರಿಯ ಸಾಮತಿಯಲ್ಲೂ ಮೆಚ್ಚುಗೆ ಮುಂದಾಲೋಚನೆಗೆ, ಕಳ್ಳಲೆಕ್ಕಕ್ಕಲ್ಲ.

"ದರ ಠರಾಯಿಸೋ ಮೊದಲ ರಸ್ತೆ ವಿಷಯ ಹೇಳಿಬಿಡಪ್ಪಾ" ಎಂದೆ.

"ಹೇಳಿದ್ರ ಅವ್ರು ಮಾರೂದೇ ಇಲ್ಲಲ್ರಿ, ಫಾದರ್. ನನಗ ಲಾಭ ಎಲ್ಲಿಂದ ಬರಬೇಕ್ರಿ?"

ನ್ಯಾಯವಾದ ಪ್ರಶ್ನೆ. ಎನ್.ಎ. ಮಾಡಿಸಿ, ರಸ್ತೆ-ಗಟಾರ ಹಾಕಿಸಿ, ನಾಲ್ಕು ಮನೆಗಳು ನೆಮ್ಮದಿಯಿಂದ ನಿಲ್ಲುವಂತೆ ಮಾಡಿದವನಿಗೆ ಆ ದುಡಿಮೆಯ ಲಾಭ ಸಲ್ಲುತ್ತದೆ. ಬೇಕಿದ್ದರೆ ರೈತರನ್ನೇ ಪಾಲುದಾರರಾಗಿ ಸೇರಿಸಿಕೋ ಎಂದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮುಂದಿನ ವಾರ ಮತ್ತೆ ಖಾನಾಪುರಕ್ಕೆ ಹೋಗುವುದಿದೆ ಎಂದು ಹೇಳಿ ಬೈಕ್ ಹತ್ತಿದ.