ತ್ಯಾಗ ಅಂದ್ರೆ ಸಾಕಾ?

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಲ್ಲಿ ಒಬ್ಬ ಲೈನ್‌ಮ್ಯಾನ್ ಕಂಬದ ಮೇಲೇ ಸತ್ತುಹೋದ. ಲೈನ್ ಆಫ್ ಆಗಿದೆ ಅಂತ ಹೇಳಿಯೇ ಅವನನ್ನು ಹತ್ತಿಸಿದ್ದರು. ಊರವರು ಫೋಟೋಗೆ ಹಾರ ಹಾಕಿ, "ಊರಿಗೆ ಬೆಳಕು ಕೊಡೋಕೆ ಹೋಗಿ ಪ್ರಾಣಾನೇ ಕೊಟ್ಟ" ಅಂದರು. ಅವನ ಹೆಂಡತಿ ಮಾತ್ರ ನಮ್ಮಪ್ಪನ ಹತ್ತಿರ, "ಕೊಡ್ಲಿಲ್ಲ ಕಣಣ್ಣಾ, ಕಿತ್ಕೊಂಡ್ರು" ಅಂದಳು.

ಆ ಮಾತು ಮತ್ತೆ ನೆನಪಾಗಿದ್ದು ಅಮೆರಿಕದ ಫ್ಲಾರಿಡಾದಲ್ಲಿರುವ ಒಂದು ಹಳೇ ರಾಕೆಟ್ ಉಡಾವಣಾ ಕಟ್ಟೆಯ ಬಗ್ಗೆ ಓದುವಾಗ. ಕೇಪ್ ಕೆನವೆರಲ್‌ನ ಲಾಂಚ್ ಕಾಂಪ್ಲೆಕ್ಸ್ 34. ಸ್ಯಾಟರ್ನ್ ರಾಕೆಟ್ ಮೊದಲ ಸಲ ಹಾರಿದ್ದು ಇಲ್ಲಿಂದಲೇ, 1961ರ ಅಕ್ಟೋಬರ್ 27ರಂದು.

1967ರ ಜನವರಿ 27ರ ಸಂಜೆ ಇಲ್ಲಿ ಅಪೊಲೊ ಯಾನದ ತಾಲೀಮು ನಡೆದಿತ್ತು. ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಮೂವರೂ ನೌಕೆಯೊಳಗೆ ಕೂತಿದ್ದರು. ರಾಕೆಟ್ಟಿಗೆ ಇಂಧನ ತುಂಬಿರಲಿಲ್ಲವಲ್ಲ, ಹಾಗಾಗಿ ಕಾಗದದ ಮೇಲೆ ಅದು "ಅಪಾಯದ" ಪರೀಕ್ಷೆಯೇ ಅಲ್ಲ! ಆದರೆ ನೌಕೆಯೊಳಗೆ ತುಂಬಿದ್ದು ಬರೀ ಆಮ್ಲಜನಕ, ಅದೂ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ. ಸುತ್ತ ಬೇಗ ಹೊತ್ತಿಕೊಳ್ಳುವ ನೈಲಾನ್, ವೆಲ್ಕ್ರೋ. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. 6.31ಕ್ಕೆ ಬೆಂಕಿ ಹತ್ತಿತು. ಒಳಗಿನ ಒತ್ತಡ ಏರಿ ಬಾಗಿಲು ಅಲ್ಲಾಡಲಿಲ್ಲ. ಹೊರಗಿನವರು ತೆರೆಯುವಷ್ಟರಲ್ಲಿ ಸುಮಾರು 5 ನಿಮಿಷ ಆಗಿತ್ತು.

1968ರ ಅಕ್ಟೋಬರ್ 11ರಂದು ಅಪೊಲೊ 7 ಇದೇ ಕಟ್ಟೆಯಿಂದ ಮೂವರನ್ನು ಹೊತ್ತು ಹಾರಿತು. ಅದೇ ಕೊನೆ. ಈಗ ಉಳಿದಿರುವ ಕಾಂಕ್ರೀಟ್ ಪೀಠದ ಮೇಲೆ "ಇದ್ದಲ್ಲಿಯೇ ಬಿಟ್ಟುಬಿಡಿ" ಅನ್ನೋ ಅರ್ಥದ ಬರಹವಿದೆ. ಪಕ್ಕದ ಫಲಕ, ಬೇರೆಯವರು ನಕ್ಷತ್ರ ಮುಟ್ಟಲಿ ಅಂತ ಪರಮ ತ್ಯಾಗ ಮಾಡಿದವರನ್ನು ನೆನೆಯುತ್ತದೆ.

ನನ್ನ ತಕರಾರು ಈ "ತ್ಯಾಗ"ದ ಬಗ್ಗೆ. ತ್ಯಾಗ ಅನ್ನಬೇಕಾದರೆ, ಏನು ಕೊಡ್ತಿದ್ದೀನಿ ಅನ್ನೋದು ಕೊಡುವವನಿಗೆ ಗೊತ್ತಿರಬೇಕು. ಅವರು ಪೈಲಟ್‌ಗಳು, ಸಾವಿಗೆ ಸಿದ್ಧರಾಗೇ ಬಂದವರು ಅಂತ ನೀವು ಹೇಳಬಹುದು. ನಿಜ. ಆದರೆ ಅವರು ಒಪ್ಪಿದ್ದು ಬಾಹ್ಯಾಕಾಶದ ಅಪಾಯಕ್ಕೆ, ಬೇರೆಯವರ ಅಸಡ್ಡೆಗಲ್ಲ. ಶುದ್ಧ ಆಮ್ಲಜನಕದಲ್ಲಿ ಬೆಂಕಿ ಹೇಗೆ ಉರಿಯುತ್ತೆ ಅನ್ನೋದು ಆಗಲೇ ಗೊತ್ತಿದ್ದ ಸಂಗತಿ.

ಹಾಗಂತ ಫಲಕ ಕೀಳಬೇಕಾ? ಬೇಡ. ಕಳಕೊಂಡವರಿಗೆ ಅಂಥದ್ದೊಂದು ಮಾತು ಬೇಕಾಗುತ್ತೆ. ಆದರೆ ಆ ಮಾತು ಪ್ರಶ್ನೆಯ ಬಾಯಿ ಮುಚ್ಚಿಸಬಾರದು. ಅಲ್ಲಿ ತನಿಖೆ ನಡೆದು ತಪ್ಪುಗಳ ಪಟ್ಟಿ ಹೊರಬಂತು. ಹೊಸ ಬಾಗಿಲು ಹೊರಮುಖವಾಗಿ, ಕೆಲವೇ ಸೆಕೆಂಡುಗಳಲ್ಲಿ ತೆರೆಯುವಂತಾಯಿತು. ಉಡಾವಣೆ ಹೊತ್ತಿಗೆ ನೌಕೆಯೊಳಗಿನ ಗಾಳಿಗೆ ಶೇ. 40ರಷ್ಟು ಸಾರಜನಕ ಸೇರಿತು. ನನ್ನ ಪ್ರಕಾರ ನಿಜವಾದ ಸ್ಮಾರಕ ಆ ಬಾಗಿಲು.

ನಾನು ಸಾಫ್ಟ್‌ವೇರ್ ಬರೆದು ಬದುಕುವವನು. ಪ್ರತಿ ರಿಲೀಸಿಗೂ ಒಂದು ಫಾರ್ಮ್ ಇರುತ್ತೆ, ಅದರಲ್ಲಿ "ಲೋ ರಿಸ್ಕ್" ಅಂತ ಟಿಕ್ ಹಾಕೋದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈಗ ಅಲ್ಲಿ ಕೈ ಸ್ವಲ್ಪ ತಡೆಯುತ್ತೆ.

ನಮ್ಮೂರ ಲೈನ್‌ಮ್ಯಾನ್ ಫೋಟೋಗೆ ಈಗಲೂ ವರ್ಷಕ್ಕೊಮ್ಮೆ ಹಾರ ಬೀಳುತ್ತೆ. ಅವತ್ತು ಲೈನ್ ಆಫ್ ಆಗಿದೆ ಅಂದವರು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಲ್ಲ.