ತಪ್ಪಿದವನೂ ಊರಿನ ಹೊಣೆಯೂ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವೆಂಬ ಗ್ರಾಮವು ಸಂತಾನ ವೇಣುಗೋಪಾಲಸ್ವಾಮಿಯ ದೇವಸ್ಥಾನದಿಂದ ಪ್ರಸಿದ್ಧವಾಗಿದೆ. ಮಕ್ಕಳಿಲ್ಲದ ದಂಪತಿಗಳು ದೂರದೂರಗಳಿಂದ ಬಂದು ಅಲ್ಲಿ ಹರಕೆ ಹೊರುವರು. ಹರಕೆ ಫಲಿಸಿದವರು ಕೂಸನ್ನೆತ್ತಿಕೊಂಡು ಮತ್ತೆ ಬರುವರು. ಮಗುವನ್ನು ಬೇಡುವಾಗ, ಅದು ಮುಂದೆ ಸನ್ಮಾರ್ಗದಲ್ಲಿಯೇ ನಡೆಯಬೇಕೆಂಬ ಷರತ್ತನ್ನು ಯಾವ ತಾಯಿಯೂ ದೇವರ ಮುಂದೆ ಇಡುವುದಿಲ್ಲ. ಬೇಡಿ ಪಡೆದ ಮಕ್ಕಳೆಲ್ಲರೂ ಹಾಗೆಯೇ ನಡೆಯುವರೆಂಬ ನಿಯಮವೂ ಲೋಕದಲ್ಲಿಲ್ಲ. ಅಂಥ ಮಗನೊಬ್ಬನು ಬೆಳೆದು ತಪ್ಪುಹೆಜ್ಜೆಯಿಟ್ಟರೆ ಅವನು ಯಾರವನು? ಹೆತ್ತವರವನು ಮಾತ್ರವೇ? ಸರ್ಕಾರದವನೇ? ಅಥವಾ ಊರಿನವನೂ ಹೌದೇ? ಪ್ರಕೃತ ವಿಚಾರವು ಇಷ್ಟೆ.

ಉದಾಹರಣೆಗಾಗಿ ಒಂದು ಪ್ರಸಂಗವನ್ನು ಭಾವಿಸಬಹುದು. ಒಂದು ಗ್ರಾಮದಲ್ಲಿ ಹತ್ತೊಂಬತ್ತು ವರ್ಷದ ಹುಡುಗನು ನೆರೆಯವನ ಗದ್ದೆಯ ಪಂಪ್‌ಸೆಟ್ಟಿನ ತಾಮ್ರದ ತಂತಿಯನ್ನು ರಾತ್ರಿಯಲ್ಲಿ ಕತ್ತರಿಸಿ ಮಾರಿದನು. ನೀರಿಲ್ಲದೆ ನೆರೆಯವನ ಪೈರು ಬಾಡಿತು. ಹುಡುಗನು ಸಿಕ್ಕಿಬಿದ್ದನು, ನ್ಯಾಯಾಲಯದಲ್ಲಿ ತಪ್ಪು ಸ್ಥಾಪಿತವಾಯಿತು. ಅದು ಅವನ ಮೊದಲನೆಯ ತಪ್ಪು. ಸೆರೆಮನೆಗೆ ಕಳುಹಿಸಿದರೆ ಅಲ್ಲಿ ನುರಿತ ಕಳ್ಳರ ಸಹವಾಸದಲ್ಲಿ ಕಳ್ಳತನವನ್ನೇ ವಿದ್ಯೆಯಾಗಿ ಕಲಿತು ಬರುವ ಭಯವುಂಟು. ಸುಮ್ಮನೆ ಬಿಟ್ಟರೆ ನ್ಯಾಯವು ಸತ್ತಂತೆ. ಈ ಎರಡರ ನಡುವೆ ಕಾನೂನು ಕಂಡುಕೊಂಡ ಮೂರನೆಯ ಹಾದಿಯೇ ಪರಿವೀಕ್ಷಣೆ, ಅಥವಾ ಪ್ರೊಬೇಷನ್.

ಭಾರತದಲ್ಲಿ ಈ ಹಾದಿ ಹೊಸದಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಪ್ರಕರಣದಲ್ಲಿಯೇ, ಮೊದಲ ಸಲ ತಪ್ಪಿದವರನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶವಿದ್ದಿತು. ಅನಂತರ ಮದರಾಸು ಪ್ರಾಂತ್ಯದಲ್ಲಿ 1936ರ ಕಾಯಿದೆಯೂ ಮುಂಬಯಿ ಪ್ರಾಂತ್ಯದಲ್ಲಿ 1938ರ ಕಾಯಿದೆಯೂ ಬಂದುವು. ಆಗ ದಕ್ಷಿಣ ಕನ್ನಡ ಬಳ್ಳಾರಿಗಳು ಮೊದಲನೆಯದಕ್ಕೂ, ಧಾರವಾಡ ಬೆಳಗಾವಿ ಬಿಜಾಪುರಗಳು ಎರಡನೆಯದಕ್ಕೂ ಸೇರಿದ್ದುವು. ದೇಶಕ್ಕೆಲ್ಲ ಅನ್ವಯಿಸುವ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು 1958ರಲ್ಲಿ ಆಯಿತು. ಅದು ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ, ಮರಣದಂಡನೆಗಾಗಲಿ ಆಜೀವ ಸೆರೆವಾಸಕ್ಕಾಗಲಿ ಒಳಪಡದ ಅಪರಾಧಗಳಲ್ಲಿ, ತಪ್ಪಿತಸ್ಥನ ಶೀಲವನ್ನೂ ಅಪರಾಧದ ಸ್ವರೂಪವನ್ನೂ ನೋಡಿ, ನ್ಯಾಯಾಧೀಶನು ಅವನನ್ನು ಗರಿಷ್ಠ ಮೂರು ವರ್ಷಗಳ ಅವಧಿಗೆ ಮುಚ್ಚಳಿಕೆಯ ಮೇಲೆ ಬಿಡಬಹುದು. ಇಪ್ಪತ್ತೊಂದು ವರ್ಷ ತುಂಬದವನನ್ನು ಇಂಥ ಅಪರಾಧಕ್ಕೆ ಸೆರೆಗೆ ಕಳುಹಿಸಬೇಕಾದರೆ ಕಾರಣಗಳನ್ನು ಬರೆದಿಡಬೇಕು. ಪರಿವೀಕ್ಷಣಾಧಿಕಾರಿಯು ಬುದ್ಧಿ ಹೇಳತಕ್ಕವನು, ನೆರವಾಗತಕ್ಕವನು, ಅವಶ್ಯವಾದಲ್ಲಿ ಉದ್ಯೋಗವನ್ನೂ ಹುಡುಕಿಕೊಡಲು ಯತ್ನಿಸತಕ್ಕವನು.

ಈ ಕಾಯಿದೆಯಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಎರಡು ಮಾತುಗಳಿವೆ. ಮುಚ್ಚಳಿಕೆಯ ಮೇಲೆ ಬಿಡುವುದಕ್ಕೆ ಮೊದಲು, ತಪ್ಪಿತಸ್ಥನಿಗಾಗಲಿ ಅವನ ಜಾಮೀನುದಾರನಿಗಾಗಲಿ ನೆಲೆಯಾದ ವಾಸಸ್ಥಾನವೋ ಕ್ರಮವಾದ ಉದ್ಯೋಗವೋ ಇದೆಯೆಂದು ನ್ಯಾಯಾಧೀಶನಿಗೆ ಮನದಟ್ಟಾಗಬೇಕು, ಇದು ಒಂದು. ಸರ್ಕಾರವು ಮಾನ್ಯಮಾಡಿದ ಸಂಘಸಂಸ್ಥೆಗಳು ಒದಗಿಸಿದವರೂ ಪರಿವೀಕ್ಷಣಾಧಿಕಾರಿಗಳಾಗಬಹುದು; ಇದು ಮತ್ತೊಂದು. ಮನೆಯೂ ಇಲ್ಲದ, ಕೂಲಿಯೂ ಗಟ್ಟಿಯಿಲ್ಲದ ಬಡವನ ಪಾಲಿಗೆ ಈ ಎರಡು ಮಾತುಗಳೇ ಸೆರೆಮನೆಗೂ ಸ್ವಗೃಹಕ್ಕೂ ನಡುವಣ ಬಾಗಿಲು. ಮನೆಯುಳ್ಳವನೊಬ್ಬನು 'ಇವನಿಗೆ ನಾನು ಹೊಣೆ' ಎಂದರೆ ಆ ಬಾಗಿಲು ತೆರೆಯುವ ಸಂಭವವುಂಟು. ಯಾರೂ ಎನ್ನದಿದ್ದರೆ, ಕಾನೂನಿನ ಕರುಣೆಯು ಕಾಗದದಲ್ಲಿಯೇ ಉಳಿಯಬಹುದು. ಹದಿನೆಂಟು ತುಂಬದವರ ವಿಷಯದಲ್ಲಿ 2015ರ ಬಾಲ ನ್ಯಾಯ ಕಾಯಿದೆಯು ಇನ್ನೂ ಸ್ಪಷ್ಟವಾಗಿದೆ: ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಸೇವಕರು ಕುಳಿತುಕೊಳ್ಳುವರು, ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು, ಬಾಲಕನನ್ನು ತಂದೆತಾಯಿಗಳಿಗಲ್ಲದೆ ಯೋಗ್ಯನಾದ ಅನ್ಯವ್ಯಕ್ತಿಗೂ ಒಪ್ಪಿಸಬಹುದು.

ಆದ್ದರಿಂದ ಪ್ರಶ್ನೆಯು ಕಾನೂನಿನದಲ್ಲ, ಧರ್ಮದ್ದು. ಸಂಬಂಧಿಕನಲ್ಲದವನ ತಪ್ಪಿಗೆ ಗೃಹಸ್ಥನೊಬ್ಬನು ಏಕೆ ಹೊಣೆಯಾಗಬೇಕು?

ಪ್ರಾಚೀನರು ಇದನ್ನು ಆಲೋಚಿಸದೆ ಇರಲಿಲ್ಲ. ಮನುವೂ ಯಾಜ್ಞವಲ್ಕ್ಯನೂ ದಂಡವನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವರು: ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ. ಬುದ್ಧಿಮಾತಿನಿಂದ ಆಗುವ ಕಾರ್ಯಕ್ಕೆ ಮೊದಲೇ ದೇಹದಂಡನೆಯನ್ನು ಹಿಡಿಯಬಾರದೆಂಬುದು ಮನುವಿನ ಕ್ರಮ. 1958ರ ಕಾಯಿದೆಯಲ್ಲಿ ಸಣ್ಣ ತಪ್ಪುಗಳಿಗೆ ಎಚ್ಚರಿಕೆಯ ಮಾತನ್ನಾಡಿ ಬಿಡುವ ಅವಕಾಶವಿರುವುದೂ ಈ ವಾಗ್ದಂಡಕ್ಕೆ ಸಮೀಪವಾದುದೇ. ಇದಕ್ಕಿಂತಲೂ ಮನನೀಯವಾದುದು ಪ್ರಾಯಶ್ಚಿತ್ತ ಪ್ರಕರಣದಲ್ಲಿದೆ. ಮಹಾಪಾತಕದಿಂದ ಪತಿತನಾದವನನ್ನು ಬಂಧುಗಳು ಸತ್ತವನೆಂದು ಭಾವಿಸಿ, ಅವನ ಹೆಸರಿನಲ್ಲಿ ನೀರಿನ ಕೊಡವನ್ನು ಉರುಳಿಸಿ ಹೊರಗಿಡುವರು. ಅವನು ಪ್ರಾಯಶ್ಚಿತ್ತವನ್ನು ಮುಗಿಸಿ ಬಂದ ಮೇಲೆ, ಅದೇ ಬಂಧುಗಳು ಅವನೊಡನೆ ಪುಣ್ಯಜಲಾಶಯದಲ್ಲಿ ಸ್ನಾನಮಾಡಿ, ನೀರು ತುಂಬಿದ ಹೊಸ ಕೊಡವನ್ನು ಅದರೊಳಕ್ಕೆ ಬಿಡಬೇಕು. ಆಮೇಲೆ ಅವನನ್ನು ಯಾರೂ ಹೇಸಬಾರದು. ಅವನೊಡನೆ ಎಲ್ಲ ವ್ಯವಹಾರವನ್ನೂ ನಡೆಸಬೇಕು. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಹೊಸ ಕೊಡದ ಈ ವಿಧಿಯುಂಟು; ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು, ಕನ್ನಡನಾಡಿಗೆ ಸೇರಿದವನು.

ಸ್ಮೃತಿಗಳಲ್ಲಿ ವರ್ಣಕ್ಕೊಂದು ದಂಡವೆಂಬ ಭೇದವಿದ್ದುದು ನಿಜ. ಅದನ್ನು ಇಂದು ಯಾವ ನ್ಯಾಯವಂತನೂ ಎತ್ತಿಹಿಡಿಯಲಾರನು. ಆದರೆ ಕೊಡದ ವಿಧಿಯಲ್ಲಿರುವ ತತ್ತ್ವವು ಆ ಭೇದದೊಡನೆ ತ್ಯಾಜ್ಯವಾಗತಕ್ಕುದಲ್ಲ. ತಪ್ಪಿದವನು ಒಬ್ಬನೇ ಮಿಂದರೆ ಸಾಲದು. ಹೊರಗಿಟ್ಟವರೂ ಅವನೊಡನೆ ನೀರಿಗಿಳಿಯಬೇಕು. ಪ್ರಾಯಶ್ಚಿತ್ತದ ಮೊದಲರ್ಧ ಅವನದು, ಉತ್ತರಾರ್ಧ ಊರಿನದು. ಕನ್ನ ಹಾಕಲು ಹೋದ ಮನೆಯಲ್ಲಿ ದೀಕ್ಷಾಸಮಾರಂಭವನ್ನು ಕಂಡು ಪೆದ್ದಣ್ಣನೆಂಬ ಕಳ್ಳನ ಮನಸ್ಸು ತಿರುಗಿತೆಂದೂ, ಉರಿಲಿಂಗದೇವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರೆಂದೂ, ಆತನೇ ವಚನಕಾರ ಉರಿಲಿಂಗಪೆದ್ದಿಯಾದನೆಂದೂ ಪ್ರತೀತಿಯಿದೆ. ಅಲ್ಲಿಯೂ ಕಳ್ಳನ ಮನಸ್ಸು ತಿರುಗಿದುದು ಅರ್ಧ ಕಥೆ. ಗುರುವು ಬಾಗಿಲು ತೆರೆದುದು ಉಳಿದರ್ಧ.

ಆ ಉತ್ತರಾರ್ಧವು ನಡೆಯದಿದ್ದರೆ ಏನಾಗುವುದೆಂಬುದಕ್ಕೆ ಜಪಾನು ದೇಶದಲ್ಲಿ ಹೇಳಿಕೊಂಡು ಬಂದಿರುವ ಒಂದು ವೃತ್ತಾಂತವೇ ಸಾಕ್ಷಿ. ಸೆರೆಮನೆಯಲ್ಲಿ ಮನಸ್ಸು ತಿದ್ದಿಕೊಂಡು ಹೊರಬಂದ ಒಬ್ಬನು ಊರಿಗೆ ಹಿಂದಿರುಗಿದಾಗ ಹೆಂಡತಿಯು ಬೇರೊಬ್ಬನನ್ನು ಮದುವೆಯಾಗಿದ್ದಳು. ನೆಂಟನು ಬಾಗಿಲು ಮುಚ್ಚಿದನು. ಮತ್ತೆ ಕಳ್ಳತನಕ್ಕಿಳಿಯಲು ಅವನ ಮನಸ್ಸು ಒಪ್ಪಲಿಲ್ಲ. ಬದುಕುವುದಕ್ಕೆ ಬೇರೆ ದಾರಿಯಿರಲಿಲ್ಲ. ಕೊನೆಗೆ ಕೆರೆಗೆ ಹಾರಿ ಪ್ರಾಣಬಿಟ್ಟನು. ಇದನ್ನು ಕೇಳಿ ನೊಂದ ಕಿನ್‌ಬಾರಾ ಮೈಜೆನ್ ಎಂಬ ಸಿರಿವಂತನು 1888ರಲ್ಲಿ ಶಿಜುಒಕ ಪ್ರಾಂತದಲ್ಲಿ ಬಿಡುಗಡೆಯಾದವರ ರಕ್ಷಣೆಗಾಗಿ ಸಂಸ್ಥೆಯನ್ನು ಕಟ್ಟಿದನು. ಬಂಧುಗಳೊಡನೆ ಇಳಿದಾಗ ಜಲವು ಶುದ್ಧಿಕರ. ಒಬ್ಬನೇ ಇಳಿಯಬೇಕಾದಾಗ ಅದೇ ಜಲವು ಮೃತ್ಯು.

ಆ ಬೀಜವು ಬೆಳೆದು 1950ರಲ್ಲಿ ಜಪಾನಿನಲ್ಲಿ ಒಂದು ಕಾಯಿದೆಯಾಯಿತು. ಅದರಂತೆ ನೇಮಕವಾಗುವ ಸ್ವಯಂಸೇವಕರಿಗೆ 'ಹೊಗೊಶಿ' ಎಂದು ಹೆಸರು. ಸಂಬಳವಿಲ್ಲ, ಖರ್ಚು ಮಾತ್ರ ದೊರೆಯುವುದು. ಅವಧಿ ಎರಡು ವರ್ಷ, ಮತ್ತೆ ಮುಂದುವರಿಯಬಹುದು. ಈಚಿನ ವರ್ಷಗಳಲ್ಲಿ ಇವರ ಸಂಖ್ಯೆ ಸುಮಾರು 47,000. ವಯಸ್ಸಾದವರೇ ಹೆಚ್ಚು, ನಿವೃತ್ತರೂ ಗೃಹಿಣಿಯರೂ ವ್ಯಾಪಾರಸ್ಥರೂ ಅರ್ಚಕರೂ ಇವರಲ್ಲಿದ್ದಾರೆ. ತಿಂಗಳಿಗೆ ಒಂದೆರಡು ಸಲ ತಪ್ಪಿದವನನ್ನು ಕಂಡು ಮಾತನಾಡಿ, ಕೆಲಸ ಹುಡುಕಿಕೊಟ್ಟು, ಸರ್ಕಾರಿ ಅಧಿಕಾರಿಗೆ ವರದಿ ಮಾಡುವುದು ಇವರ ಕರ್ತವ್ಯ. ಅಮೆರಿಕದಲ್ಲಿಯೂ ಈ ಕಾರ್ಯವನ್ನು ಆರಂಭಿಸಿದವನು ಅಧಿಕಾರಿಯಲ್ಲ, ಬಾಸ್ಟನ್ ನಗರದಲ್ಲಿ ಬೂಟು ಹೊಲಿಯುತ್ತಿದ್ದ ಜಾನ್ ಅಗಸ್ಟಸ್. 1841ರಲ್ಲಿ ಒಬ್ಬ ಕುಡುಕನಿಗೆ ಆತನು ಜಾಮೀನಾಗಿ ನಿಂತನು. ಮೂರು ವಾರಗಳ ಮೇಲೆ ನ್ಯಾಯಾಲಯಕ್ಕೆ ಬಂದ ಅವನನ್ನು ಗುರುತಿಸುವುದೇ ಕಷ್ಟವಾಯಿತಂತೆ. ಅಗಸ್ಟಸನು 1859ರಲ್ಲಿ ತೀರಿಕೊಳ್ಳುವ ವೇಳೆಗೆ ಹೀಗೆ ಹೊಣೆಹೊತ್ತವರ ಸಂಖ್ಯೆ ಸುಮಾರು ಎರಡು ಸಾವಿರಕ್ಕೆ ಮುಟ್ಟಿತ್ತು. ಆ ರಾಜ್ಯದಲ್ಲಿ ಸಂಬಳದ ಅಧಿಕಾರಿಯ ನೇಮಕಕ್ಕೆ ಕಾನೂನು ಬಂದುದು 1878ರಲ್ಲಿ. ಜನರು ಮೊದಲು ನಡೆದರು, ಸರ್ಕಾರವು ಹಿಂದೆ ಬಂದಿತು.

ಇಲ್ಲಿ ಮೂರು ಆಕ್ಷೇಪಗಳು ಹುಟ್ಟುವುವು, ಮೂರೂ ಬಲವಾದುವೇ.

ಮೊದಲನೆಯದು: ತಪ್ಪಿದವನಿಗೆ ಇಷ್ಟು ಉಪಚಾರ, ಪೈರು ಕಳೆದುಕೊಂಡ ನೆರೆಯವನಿಗೆ ಏನು? ಈ ಪ್ರಶ್ನೆಯನ್ನು ಮರೆತ ಕರುಣೆಯು ಕರುಣೆಯಲ್ಲ. ಕಾಯಿದೆಯಲ್ಲಿ ನಷ್ಟಪರಿಹಾರ ಕೊಡಿಸುವ ಅಧಿಕಾರವಿದೆ. ಹೊಣೆಹೊತ್ತವನ ಮೊದಲನೆಯ ಕೆಲಸವೂ ಅದೇ ಆಗಬೇಕು: ಹುಡುಗನಿಗೆ ಕೂಲಿ ದೊರಕಿಸಿ, ಆ ಕೂಲಿಯಲ್ಲೊಂದು ಪಾಲು ನೆರೆಯವನ ಕೈಸೇರುವಂತೆ ನೋಡಿಕೊಳ್ಳುವುದು. ಸೆರೆಯಲ್ಲಿ ಕುಳಿತವನಿಂದ ನೆರೆಯವನ ತಂತಿಯು ಸುಲಭವಾಗಿ ಹಿಂದಿರುಗುವುದಿಲ್ಲ. ಹೊಲದಲ್ಲಿ ದುಡಿಯುವವನಿಂದ ಹಿಂದಿರುಗಬಹುದು.

ಎರಡನೆಯದು ಭಯ. ಇದು ಕಲ್ಪಿತವಲ್ಲ. 2024ರ ಮೇ ತಿಂಗಳಿನಲ್ಲಿ ಜಪಾನಿನ ಓಟ್ಸು ನಗರದಲ್ಲಿ ಒಬ್ಬ ಹೊಗೊಶಿಯು ತನ್ನ ಮನೆಯಲ್ಲಿಯೇ ಕೊಲೆಯಾದನು. ಆತನ ಪರಿವೀಕ್ಷಣೆಯಲ್ಲಿದ್ದವನನ್ನೇ ಪೊಲೀಸರು ಹಿಡಿದರು. ಮನೆಯಲ್ಲಿ ಭೇಟಿಯಾಗುವ ಪದ್ಧತಿ ಇನ್ನೂ ಇರಬೇಕೇ ಎಂಬ ಚರ್ಚೆ ಆ ದೇಶದಲ್ಲೆಲ್ಲ ಎದ್ದಿತು. ಇಂಥ ಸೇವೆಯಲ್ಲಿ ಅಪಾಯವಿಲ್ಲವೆಂದು ಹೇಳುವುದು ಅಸತ್ಯ. ಆದುದರಿಂದ ವಿಶ್ವಾಸಕ್ಕೂ ವಿವೇಕ ಬೇಕು: ಅಧಿಕಾರಿಯ ಜೊತೆ, ನಾಲ್ವರು ಕಾಣುವ ಸ್ಥಳ, ಒಬ್ಬರ ಬದಲು ಇಬ್ಬರು. ಆದರೆ ಅಪಾಯವಿದೆಯೆಂದು ಊರು ಬಾಗಿಲು ಮುಚ್ಚಿದರೆ ಅಪಾಯವು ಹೋಗುವುದಿಲ್ಲ; ಬಾಗಿಲ ಹೊರಗೆ ಕತ್ತಲಿನಲ್ಲಿ ನಿಂತಿರುವುದು. ಸೆರೆಗೆ ಹೋದವನೂ ಅವಧಿ ಮುಗಿದ ಮೇಲೆ ಇದೇ ಊರಿಗೆ ಬರತಕ್ಕವನಲ್ಲವೇ?

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಹಳ್ಳಿಯಲ್ಲಿ ಹೊಣೆಹೊರಲು ಮುಂದೆ ಬರುವವನು ಯಾರು? ಭೂಮಿಯುಳ್ಳ ಯಜಮಾನನೇ ಆಗಿ, ತಪ್ಪಿದವನು ಕೇರಿಯ ಬಡಹುಡುಗನಾದರೆ, ಪರಿವೀಕ್ಷಣೆಯು ಬಿಟ್ಟಿದುಡಿಮೆಗೆ ನೆವವಾಗುವುದಕ್ಕೆ ಹೆಚ್ಚು ಕಾಲ ಬೇಡ. 'ಹೇಳಿದಂತೆ ಕೇಳು, ಇಲ್ಲವಾದರೆ ಕೋರ್ಟಿಗೆ ಬರೆಯುವೆನು' ಎಂಬ ಒಂದು ಮಾತು ಸಾಕು. 1976ರಲ್ಲಿ ಕಾನೂನು ಕಿತ್ತುಹಾಕಿದ ಜೀತವು ಧರ್ಮದ ವೇಷದಲ್ಲಿ ಮರಳಿ ಬರಬಾರದು. ಆದುದರಿಂದ ಹೊಣೆಹೊತ್ತವನು ತಪ್ಪಿದವನಿಗೆ ಧಣಿಯಾಗಿರಬಾರದು, ಸಾಲಕೊಟ್ಟವನೂ ಆಗಿರಬಾರದು. ಅವನ ಮೇಲೆಯೂ ಅಧಿಕಾರಿಯ ಕಣ್ಣಿರಬೇಕು. ಹುಡುಗನ ದೂರನ್ನೂ ಕೇಳುವವರಿರಬೇಕು. ಕೇರಿಯಲ್ಲಿಯೂ ಹೊಣೆಹೊರಬಲ್ಲ ಹಿರಿಯರಿದ್ದಾರೆ. ಸ್ವಸಹಾಯ ಸಂಘದ ಹೆಂಗಸರಿದ್ದಾರೆ. ಈ ಸೇವೆಯು ದೊಡ್ಡಮನೆಯವರ ಸೊತ್ತಲ್ಲ.

ನೋಡುವುದರಲ್ಲಿಯೇ ಎರಡು ಬಗೆಯುಂಟು. ಹೊಲದ ಮಂಚಿಗೆಯ ಮೇಲೆ ಕುಳಿತವನು ಕಳ್ಳನ ದಾರಿಯನ್ನು ನೋಡುವನು. ಜ್ವರದ ಮಗುವಿನ ಬಳಿ ಕುಳಿತ ತಾಯಿಯೂ ರಾತ್ರಿಯೆಲ್ಲ ನೋಡುವಳು. ಇಬ್ಬರೂ ಎಚ್ಚರವಾಗಿರುವರು. ಒಬ್ಬನು ತಪ್ಪಿಗಾಗಿ ಕಾಯುವನು, ಮತ್ತೊಬ್ಬಳು ಗುಣಕ್ಕಾಗಿ. ತಪ್ಪಿದವನ ಮೇಲೆ ಮೊದಲನೆಯ ಬಗೆಯ ಕಣ್ಣಿಗೆ ಯಾವ ಊರಿನಲ್ಲಿಯೂ ಕೊರತೆಯಿಲ್ಲ, ಎರಡನೆಯದೇ ದುರ್ಲಭ.

ಪರಿವೀಕ್ಷಣೆಗೊಳಗಾದವನಿಗೆ, ತಪ್ಪಿತಸ್ಥನೆಂಬ ತೀರ್ಪಿನಿಂದ ಬರುವ ಅನರ್ಹತೆಯು ತಟ್ಟಬಾರದೆಂದು 1958ರ ಕಾಯಿದೆಯ 12ನೆಯ ಪ್ರಕರಣವು ಹೇಳುವುದು. ಸರ್ಕಾರವು ತನ್ನ ಪುಸ್ತಕದಿಂದ ಆ ಕಳಂಕವನ್ನು ಒರಸಲು ಒಪ್ಪಿದೆ. ಇನ್ನು ಉಳಿದಿರುವ ಪುಸ್ತಕವೆಂದರೆ ಊರಿನ ನಾಲಿಗೆ. ಅರಳಿಕಟ್ಟೆಯಲ್ಲಿ, ಕಾಫಿ ಹೋಟಲಿನಲ್ಲಿ, ಹೆಣ್ಣುಕೊಡುವ ಮಾತಿನಲ್ಲಿ 'ತಂತಿ ಕದ್ದವನು' ಎಂಬ ಹೆಸರು ಇಪ್ಪತ್ತು ವರ್ಷದ ಮೇಲೆಯೂ ನಿಲ್ಲದಿದ್ದರೆ, ನ್ಯಾಯಾಧೀಶನು ಕೊಡದ ಆಜೀವ ಶಿಕ್ಷೆಯನ್ನು ಊರೇ ಕೊಟ್ಟಂತಾಗುವುದು.

ಹೆಮ್ಮರಗಾಲದ ಸನ್ನಿಧಿಯಲ್ಲಿ ಮಗುವಿಗಾಗಿ ಸೆರಗೊಡ್ಡಿದ ತಾಯಿಯು ಮಗನು ಮುಚ್ಚಳಿಕೆ ಬರೆದುಕೊಟ್ಟು ಬಂದ ದಿನವೂ ತಾಯಿಯೇ. ಆ ದಿನ ಅವಳು ಹೊಸ ಹರಕೆಯನ್ನು ಹೊರಬಹುದು. ಆದರೆ ಅದನ್ನು ಸಲ್ಲಿಸುವ ಭಾರವು ದೇವರ ಮೇಲಿಲ್ಲ, ನೆರೆಯವರ ಮೇಲಿದೆ. ಅವನು ಮಾಡತಕ್ಕುದನ್ನು ಮಾಡಿ ಬಂದಿದ್ದರೆ, ಹೊಸ ಕೊಡವನ್ನು ತುಂಬಿಕೊಂಡು ನೀರಿಗಿಳಿಯಬೇಕಾದವರು ಅವರು.