ತೇಪೆಯ ಮಾತು

ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಕಾರಿನ ಬಾಗಿಲ ಕೆಳಭಾಗವನ್ನು ಮೆಲ್ಲಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಒಂದು ಕಡೆ ಮಾತ್ರ ಡಬ್ ಅಂದಿತು. "ಇಲ್ಲಿ ತಗಡೇ ಇಲ್ಲಮ್ಮಾ, ಬರೀ ಪುಟ್ಟಿ" ಅಂದರು. ಕೆರೆದರೆ ಅಂಗೈಯಗಲದ ಪುಟ್ಟಿಯ ಚಕ್ಕೆ ಕಳಚಿ ಬಿತ್ತು. ಅದರ ಹಿಂದಿನ ತೂತಿನಲ್ಲಿ ಮಡಿಚಿ ತುರುಕಿದ್ದ ಒಂದು ಕನ್ನಡ ಪತ್ರಿಕೆಯ ಹಾಳೆ. ತೇವಕ್ಕೆ ಕಂದಿ, ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ತಾರೀಖು ಓದಲು ಪ್ರಯತ್ನಿಸಿದೆ, ಆಗಲಿಲ್ಲ.

ಕಾರು 1978ರ ಪ್ರೀಮಿಯರ್ ಪದ್ಮಿನಿ, ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ಅದು ಸಾಗರದ ನಮ್ಮ ಮನೆಯ ಪಕ್ಕದಲ್ಲಿ ಶೀಟಿನ ಮಾಡಿನಡಿ ಮೂರು ಮಳೆಗಾಲ ನಿಂತಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಬ್ಬಿಣದ ಪಾಡೇನು? ಬೆಂಗಳೂರಿನಲ್ಲಿರುವ ಅಣ್ಣ ಹಳೆಯ ಕಾರುಗಳ ಹುಚ್ಚಿರುವ ಒಬ್ಬರನ್ನು ಹುಡುಕಿದ್ದ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಇಂಜಿನ್ನುಗಳನ್ನು ಮಾರ್ಪಡಿಸಿರಬಾರದು. ನಮ್ಮ ಪದ್ಮಿನಿಗೆ 2028ಕ್ಕೆ ಐವತ್ತು. ಹಾಗಾಗಿ ಕೊಳ್ಳುವವರು ಕೇಳಿದ್ದು ಒಂದೇ ಪ್ರಶ್ನೆ: "ಬಾಡಿ ಒರಿಜಿನಲ್ಲಾ?" ಹೌದಾದರೆ ಅವರು ಕೊಡಲಿದ್ದ ದುಡ್ಡಿನಲ್ಲಿ ಅಮ್ಮನ ಮಂಡಿ ಆಪರೇಷನ್ ಮುಗಿಯುತ್ತಿತ್ತು.

ಮೇಸ್ತ್ರಿ ಮೂರು ದಾರಿ ಹೇಳಿದರು. ಹೊಸದಾಗಿ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ವಾರದ ಕೆಲಸ, ಖರ್ಚು ಕಡಿಮೆ. ಕೊಳೆತ ತಗಡನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದರೆ ಒಂದೂವರೆ ತಿಂಗಳು, ಖರ್ಚು ಮೂರು ಪಟ್ಟು. ಮೂರನೆಯದು, ಬಳ್ಳಾರಿಯಂಥ ಒಣಹವೆಯ ಊರಿನಲ್ಲಿ ನಿಂತಿರುವ ಬೇರೊಂದು ಪದ್ಮಿನಿಯ ಬಾಡಿ ತಂದು ನಮ್ಮ ಇಂಜಿನ್, ನಮ್ಮ ಸೀಟು, ನಮ್ಮ ಬಾಗಿಲುಗಳನ್ನು ಅದಕ್ಕೆ ಕೂರಿಸುವುದು. "ಮುಂಬೈ ಟ್ಯಾಕ್ಸಿದು ಬೇಡ, ಅದು ಸಮುದ್ರದ ಗಾಳಿ ಕುಡಿದಿರತ್ತೆ" ಎಂದೂ ಸೇರಿಸಿದರು. ಚಾಸಿ ನಂಬರ್? "ಆ ತುಂಡು ಕತ್ತರಿಸಿ ಕೂರಿಸೋರು ಇದಾರಮ್ಮಾ. ನಾನು ಮಾಡಲ್ಲ."

ನಾನು ಕನ್ನಡ ಹಸ್ತಪ್ರತಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಇಂಥ ಇಕ್ಕಟ್ಟಿನಲ್ಲಿ ನನ್ನಂಥವರು ಮೊದಲು ಓಡುವುದು ಪುಸ್ತಕದ ಕಡೆಗೆ. ಅಥೆನ್ಸಿನವರು ಥೀಸಿಯಸ್‌ನ ಹಡಗನ್ನು ಕಾಪಾಡುತ್ತ, ಹಲಗೆ ಕೊಳೆತಾಗಲೆಲ್ಲ ಹೊಸದನ್ನು ಜೋಡಿಸುತ್ತ ಹೋದ ಕತೆಯನ್ನು ಪ್ಲುಟಾರ್ಕ್ ಹೇಳುತ್ತಾನೆ. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೇ? ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಸಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಗಂಟನ್ನು ಇನ್ನಷ್ಟು ಬಿಗಿದ. ಅವರಿಗಿಂತ ನನಗೆ ಹತ್ತಿರವೆನಿಸುವುದು ಮಿಲಿಂದಪಞ್ಹದ ನಾಗಸೇನ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ರಾಜನನ್ನು ಕೇಳುತ್ತ ಹೋಗಿ, ಕೊನೆಗೆ ರಥವೆನ್ನುವುದು ಇವೆಲ್ಲ ಕೂಡಿದಾಗ ನಾವು ಬಳಸುವ ಒಂದು ಹೆಸರು ಎಂದು ರಾಜನ ಬಾಯಿಂದಲೇ ಹೇಳಿಸುತ್ತಾನೆ.

ಚೆಂದದ ವಾದಗಳು. ಆದರೆ ಗ್ಯಾರೇಜಿನಲ್ಲಿ ನಿಂತಾಗ ಇವು ಹೆಚ್ಚು ದೂರ ಬರಲಿಲ್ಲ. ಅಥೆನ್ಸಿನವರು ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಲಗೆ ಬದಲಾಗಿದೆ ಎಂದು ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಅಲ್ಲಿ ಚರ್ಚೆ ಸಾಧ್ಯವಾಯಿತು. ನಾಗಸೇನನೂ ರಾಜನಿಗೆ ರಥವನ್ನು ಮಾರುತ್ತಿರಲಿಲ್ಲ.

ಮಾರಾಟದ ಮಾತು ಬಂದ ಮೊಕದ್ದಮೆ ಒಂದಿದೆ. 1929 ಮತ್ತು 1930ರ ಲೆ ಮಾನ್ಸ್ ರೇಸುಗಳನ್ನು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರು ಆಮೇಲೂ ರೇಸುಗಳಲ್ಲಿ ಓಡಿತು. ಓಡಿದಂತೆಲ್ಲ ಅದರ ಚಾಸಿ, ಇಂಜಿನ್, ಬಾಡಿ ಬದಲಾದವು. ಹಲವು ದಶಕಗಳ ನಂತರ ಹತ್ತು ಮಿಲಿಯನ್ ಪೌಂಡಿಗೆ ಮಾತಾಗಿ, ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆ ಸರಿದರು. 1990ರಲ್ಲಿ ಲಂಡನ್ನಿನ ಹೈಕೋರ್ಟು ಮಾರುವವರ ಪರ ತೀರ್ಪು ಕೊಟ್ಟಿತು. ಗೆದ್ದ ದಿನದ ಲೋಹ ಹೆಚ್ಚೇನೂ ಉಳಿದಿಲ್ಲದ್ದರಿಂದ ಇದನ್ನು 'ಮೂಲ' ಎನ್ನಲಾಗದು, ಆದರೆ ಬದಲಾವಣೆಗಳ ನಡುವೆಯೂ ಅದರ ಬದುಕು ಎಲ್ಲೂ ಕಡಿದುಹೋಗಿಲ್ಲ, ಹಾಗಾಗಿ ಅದು 'ಅಸಲಿ'ಯೇ. ಇದು ನನ್ನ ಮಾತಿನಲ್ಲಿ ಆ ತೀರ್ಪಿನ ಸಾರ. ಮೂಲಕ್ಕೂ ಅಸಲಿಗೂ ನಡುವೆ ಎಳೆದ ಈ ಗೆರೆ ನನಗೆ ತುಂಬ ಹಿಡಿಸಿತು. ಬಳ್ಳಾರಿಯ ಬಾಡಿ ಈ ಗೆರೆಯ ಆಚೆಗೇ ಉಳಿಯುತ್ತದೆ. ಅದು ಬೇರೆ ಯಾರದೋ ಕಾರು. ಅವರ ಮನೆಯವರೂ ಅದರಲ್ಲಿ ಮದುವೆಗೆ, ಆಸ್ಪತ್ರೆಗೆ ಹೋಗಿದ್ದಾರು. ಅದಕ್ಕೆ ನಮ್ಮ ನಂಬರ್ ಅಂಟಿಸುವುದು ಯಾರದೋ ಹಸ್ತಪ್ರತಿಯ ಕೊನೆಗರಿ ಕಿತ್ತು ನಮ್ಮ ಲಿಪಿಕಾರನ ಹೆಸರಿನ ಗರಿ ಸೇರಿಸಿದ ಹಾಗೆ. ಕಾನೂನಿನ ಕಣ್ಣಲ್ಲೂ ಅದು ಅಪರಾಧ. ಆ ದಾರಿ ಅಲ್ಲಿಗೆ ಮುಗಿಯಿತು.

ಉಳಿದದ್ದು ಪುಟ್ಟಿ ಮತ್ತು ತಗಡು.

ತಾಳೆಗರಿಯಲ್ಲಿ ಹುಳು ತಿಂದ ಜಾಗ ಬಂದರೆ ಸಂಪಾದಕರು ಅದನ್ನು ತ್ರುಟಿತ ಎಂದು ಗುರುತಿಸಿ ಚುಕ್ಕಿಗಳನ್ನಿಡುತ್ತಾರೆ. ಇಲ್ಲಿ ಈ ಅಕ್ಷರ ಇದ್ದಿರಬೇಕು ಎಂದು ಊಹಿಸಿದರೆ ಊಹೆಯನ್ನು ಚೌಕ ಕಂಸದೊಳಗೆ ಹಾಕುತ್ತಾರೆ. ಊಹೆ ತಪ್ಪಾಗಿದ್ದರೂ ಚಿಂತೆಯಿಲ್ಲ, ಮುಂದಿನವರು ಕಂಸ ನೋಡಿ ತಿದ್ದಿಕೊಳ್ಳಬಹುದು. ನಮಗೆ ತಲೆನೋವು ತರುವವನು ಜಾಣ ಲಿಪಿಕಾರ. ತೂತಿದ್ದಲ್ಲಿ ತನಗೆ ತೋಚಿದ ಪದವನ್ನು ಛಂದಸ್ಸಿಗೂ ಒಗ್ಗುವಂತೆ ತುಂಬಿಸಿ ಸದ್ದಿಲ್ಲದೆ ಮುಂದೆ ಹೋಗಿರುತ್ತಾನೆ. ಸಾಲು ನುಣುಪಾಗಿ ಓದಿಸಿಕೊಳ್ಳುತ್ತದೆ, ಅದೇ ಕಷ್ಟ. ಪುಟ್ಟಿ ಮಾಡುವ ಕೆಲಸವೂ ಇದೇ.

ಆದರೆ ಈ ಹೋಲಿಕೆಯನ್ನು ಬಹಳ ಎಳೆಯಬಾರದು. ಗರಿಯಲ್ಲಿ ಚುಕ್ಕಿಯಿಟ್ಟು ಬಿಡಬಹುದು, ಕಾರಿನಲ್ಲಿ ಬಿಡಲಾಗದು. ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚಾಸಿ ಚೌಕಟ್ಟಿಲ್ಲ, ಬಾಡಿಯೇ ಅದರ ಬೆನ್ನುಮೂಳೆ. ಬಾಗಿಲ ಕೆಳಗೆ ಉದ್ದಕ್ಕೂ ಪೆಟ್ಟಿಗೆಯ ಹಾಗೆ ಓಡುವ ತಗಡು, ಗ್ಯಾರೇಜಿನವರು ಸಿಲ್ ಅನ್ನುವ ಭಾಗ, ಇಡೀ ಕಾರಿನ ಭಾರ ಹೊರುತ್ತದೆ. ಅದರೊಳಗೆ ಕೆಸರು ಕಟ್ಟಿ ನೀರು ಇಳಿಯುವ ತೂತು ಮುಚ್ಚಿಹೋದರೆ ಕೊಳೆಯುವುದು ಒಳಗಿನಿಂದ. ಕಬ್ಬಿಣಕ್ಕಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು, ಅದು ಉಬ್ಬಿ ಪೇಂಟನ್ನು ಎತ್ತುತ್ತದೆ. ಹೊರಗೆ ಬಟಾಣಿ ಕಾಳಿನಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಂಗೈಯಷ್ಟು ಹೋಗಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿದರೆ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಬೀಳುವುದು ನಿಲ್ಲುತ್ತದೆ ಅಷ್ಟೆ. ಥೀಸಿಯಸ್‌ನ ಒಗಟಿನಲ್ಲಿ ಹಡಗು ಸುಮ್ಮನೆ ಬಂದರಿನಲ್ಲಿ ನಿಂತಿರುತ್ತದೆ. ಇದರಲ್ಲಿ ಜನ ಕೂತು ಘಟ್ಟ ಇಳಿಯುತ್ತಾರೆ.

ಫೋನಿನಲ್ಲಿ ಅಣ್ಣ ರೇಗಿದ. "ನೀನು ಥೀಸಿಸ್ ಬರೀತಿಲ್ಲ ಕಣೇ, ಕಾರು ಮಾರ್ತಿದೀವಿ. ಅಪ್ಪನೂ ಪುಟ್ಟಿನೇ ಹಾಕ್ಸಿದ್ರಲ್ಲ, ಅವರೇನು ಮೋಸಗಾರರಾ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆ ಪೇಪರು ಅಪ್ಪನ ಕಾಲದ್ದೋ, ಅದಕ್ಕೂ ಹಿಂದಿನ ಮಾಲೀಕರದ್ದೋ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿದ್ದೂ ಹಾಕಿಸಿದ್ದರೆ, ನಮ್ಮಿಬ್ಬರ ಶಾಲೆಯ ಫೀಸಿನ ವರ್ಷಗಳಲ್ಲಿ ಅಷ್ಟೇ ದುಡ್ಡಿತ್ತು ಎಂದುಕೊಳ್ಳಬಹುದು. ಅದೇ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮನ್ನು ಕೂರಿಸಿಕೊಂಡು ಜೋಗಕ್ಕೂ ಹೊನ್ನಾವರಕ್ಕೂ ಹೋಗಿದ್ದರು ಎನ್ನುವುದು ನೆನಪಾದರೆ ಮಾತ್ರ ಹೊಟ್ಟೆಯಲ್ಲಿ ಸಣ್ಣಗೆ ತಣ್ಣಗಾಗುತ್ತದೆ. ಬಡತನದ ಪುಟ್ಟಿ ಬೇರೆ, ವ್ಯಾಪಾರದ ಪುಟ್ಟಿ ಬೇರೆ ಎಂದು ಅಣ್ಣನಿಗೆ ಹೇಳಿದೆ. ಅಪ್ಪ ತಾನೇ ಕೂತು ಓಡಿಸುವ ಕಾರಿಗೆ ಹಾಕಿಸಿದರು, ನಾವು ಬೇರೆಯವರು ಕೂರುವ ಕಾರಿಗೆ ಹಾಕಿಸುತ್ತೇವೆ. ಹೇಳುವಾಗಲೇ ಇದು ಅಪ್ಪನ ಪರ ವಕೀಲಿಕೆ ಎಂದು ಅನ್ನಿಸುತ್ತಿತ್ತು. ಅಮ್ಮನನ್ನು ಕೇಳಿದೆ. "ನನ್ನ ಮಂಡಿ ನೆಪ ಮಾಡ್ಕೊಂಡು ಯಾರಿಗೂ ಸುಳ್ಳು ಹೇಳಬೇಡಿ. ಹಾಗಂತ ನನ್ನ ಮಂಡಿನ ಮರೀಲೂಬೇಡಿ" ಎಂದರು.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ. ಗುಡಿಗೆ ಮಾಡಿದರೆ ಜೀರ್ಣೋದ್ಧಾರ. ಶಾಸನಗಳಲ್ಲಿ ಅದನ್ನು ಕೆತ್ತಿಸುತ್ತಿದ್ದರು, ಪುಣ್ಯದ ಕೆಲಸವೆಂದು. ಅಂಗಿಗೆ ಮಾಡಿದರೆ ತೇಪೆ. ತೇಪೆ ಎಂದರೆ ಬೈಗುಳ: ಸರ್ಕಾರ ರಸ್ತೆಗೆ ಹಾಕುವುದು ತೇಪೆ, ಮುರಿದ ಸಂಬಂಧಕ್ಕೆ ಹಾಕುವುದು ತೇಪೆ. ಆದರೆ ಅಜ್ಜಿ ಹಾಕುತ್ತಿದ್ದ ತೇಪೆಯ ಬಟ್ಟೆಯ ಬಣ್ಣ ಬೇರೆಯೇ ಇರುತ್ತಿತ್ತು, ಇಲ್ಲಿ ಹರಿದಿತ್ತು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಆಗ ಅದಕ್ಕಾಗಿ ನಾಚುತ್ತಿದ್ದೆ.

ಕಡೆಗೆ ತಗಡನ್ನೇ ಆರಿಸಿದೆವು. ಅಣ್ಣ ಅರ್ಧ ಮನಸ್ಸಿನಿಂದ ಒಪ್ಪಿದ. ಕತ್ತರಿಸುವ ಮೊದಲು ಪ್ರತಿ ತೂತಿನ ಫೋಟೊ ತೆಗೆದು ಕೊಳ್ಳುವವರಿಗೆ ಕಳಿಸಿದೆ, ಪೇಪರಿನದ್ದೂ ಸೇರಿಸಿ. ಕೆಳಗಿನ ತಗಡು ಇಷ್ಟು ಬದಲಾಗುತ್ತದೆ, ನಂಬರ್ ಇರುವ ಭಾಗ ಮುಟ್ಟುವುದಿಲ್ಲ, ವಿಂಟೇಜ್ ನೋಂದಣಿಗೆ ಇದು ನಡೆಯುತ್ತದೋ ನೀವೇ ವಿಚಾರಿಸಿಕೊಳ್ಳಿ ಎಂದು ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಕೊಳ್ಳುತ್ತೇವೆ ಎಂದರು, ಆದರೆ ಮೊದಲು ಹೇಳಿದ್ದರಲ್ಲಿ ಕಾಲು ಭಾಗ ಕಡಿಮೆ. ಆ ಕೊರತೆಯನ್ನು ತುಂಬಲು ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿದ. ಅದರ ಕಂತು ಅವನೇ ಕಟ್ಟುತ್ತಿದ್ದಾನೆ. ನನಗೆ ಬರುವ ಫೆಲೋಶಿಪ್ಪಿನಲ್ಲಿ ಅದು ಆಗುವ ಮಾತಲ್ಲ. ನನ್ನ ಪ್ರಾಮಾಣಿಕತೆಯ ಖರ್ಚು ಅವನ ಸಂಬಳದಿಂದ ಹೋಗುತ್ತಿದೆ ಎನ್ನುವುದು ನನಗೂ ಗೊತ್ತು. ಅವನು ಅದನ್ನು ಬಾಯಿಬಿಟ್ಟು ಹೇಳಿಲ್ಲ.

ಬೆಸುಗೆ ಮುಗಿದ ದಿನ ಗ್ಯಾರೇಜಿಗೆ ಹೋಗಿದ್ದೆ. ಹೊರಗಡೆ ಮೇಸ್ತ್ರಿ ಉಜ್ಜಿ ಸಮ ಮಾಡಿದ್ದರು, ಕೈಯಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಒಳಗೆ, ಮ್ಯಾಟಿನಡಿ, ಬೆಸುಗೆಯ ಗೆರೆ ಹೊಲಿಗೆಯ ಹಾಗೆ ಎದ್ದು ಕಾಣುತ್ತಿತ್ತು. "ಇದನ್ನೂ ಉಜ್ಜಿಬಿಡ್ಲಾ?" ಎಂದು ಕೇಳಿದರು.

"ಬೇಡ, ಒಳಗಡೆ ಹಾಗೇ ಇರ್ಲಿ" ಅಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. "ರೆಡ್ ಆಕ್ಸೈಡ್ ಆದ್ರೂ ಹೊಡೀತೀನಮ್ಮಾ. ಇಲ್ದಿದ್ರೆ ಮುಂದಿನ ಮಳೆಗೇ ಮತ್ತೆ ತುಕ್ಕು."